ಎಡಗಡೆಯ ಧ್ವನಿ

ಮುಕೋನೊ
೧೬ ಆಗಸ್ಟ್ ೨೦೦೬, ಬುಧವಾರ

ನನ್ನ ಪ್ರೀತಿಯ ಸೆಂಗಾ,

ಮಂಡಿಯೂರಿ ನಮಸ್ಕಾರ. ಕಾಗದದಲ್ಲಿ ಮಂಡಿಯೂರುವುದು ಹೇಗೆ ಎಂದು ನಗಬೇಡಿ. ಈ ಮೊದಲ ಸಾಲನ್ನು ನಿಜವಾಗಿಯೂ ಚಾಪೆಯ ಮೇಲೆ ಮಂಡಿಯೂರಿಯೇ ಬರೆದೆ. ಈಗ ಎದ್ದು ಕುರ್ಚಿಗೆ ಬಂದಿದ್ದೇನೆ, ಕಾಲು ಜೋಮು ಹಿಡಿಯಿತು!

ಮದುವೆಯಾಗಿ ಆರು ವಾರವಾಯಿತು, ಒಂದು ಸಾಲೂ ಬರೆಯಲಿಲ್ಲ. ಕ್ಷಮಿಸಿ, ಕ್ಷಮಿಸಿ, ಕ್ಷಮಿಸಿ. ಫೋನಿನಲ್ಲಿ ಮಾತಾಡಿದರೆ ಅಪ್ಪ ನಿಮ್ಮ ಪಕ್ಕದಲ್ಲೇ ನಿಂತು "ಬೇಗ ಮುಗ್ಸು, ಯೂನಿಟ್ ಹೋಗತ್ತೆ" ಎನ್ನುತ್ತಾರೆ, ಇತ್ತ ನಿಮ್ಮ ಮಾತು ಅರ್ಧಕ್ಕೇ ತುಂಡಾಗುತ್ತದೆ. ನಾಲ್ಕು ವರ್ಷದವಳಿದ್ದಾಗ ಅಮ್ಮ ಮನೆಯಿಂದ ಹೋದಳು, ಅಂದಿನಿಂದ ನನ್ನನ್ನು ಸಾಕಿದವರು ನೀವು. ಅಪ್ಪನ ಅಕ್ಕ, ನನ್ನ ಸೆಂಗಾ ಆಗಿ ಮದುವೆಗೆ ಮುಂಚೆ ಮೂರು ವಾರ ಬಾಗಿಲು ಹಾಕಿ ಕೂರಿಸಿ, ಗಂಡನ ಮನೆಯಲ್ಲಿ ಹೇಗಿರಬೇಕೆಂದು ಪಾಠ ಹೇಳಿದವರೂ ನೀವೇ. ನಿಮಗೆ ಯೂನಿಟ್ ಲೆಕ್ಕ ಹಾಕಿಕೊಂಡು ಏನು ಹೇಳಲಿ?

ಮೊದಲು ಸುದ್ದಿ. ನಿಮ್ಮ ಅಳಿಯ ವಾಲುಸಿಂಬಿಯವರು ಚೆನ್ನಾಗಿದ್ದಾರೆ. ತುಂಬಾ ಚೆನ್ನಾಗಿದ್ದಾರೆ! ಬೆಳಿಗ್ಗೆ ಇವರೇ ಚಹಾ ಮಾಡುತ್ತಾರೆ. (ಇದನ್ನು ಅಪ್ಪನಿಗೆ ಓದಿ ಹೇಳಬೇಡಿ.) ನಾನು ಮಾಡಿದ ಮಟೋಕೆ ಮೊದಲ ವಾರ ಗೋಡೆಗೆ ಮೆತ್ತುವ ಮಣ್ಣಿನ ಹಾಗಿತ್ತು. ಇವರು ಕಡಲೆಕಾಯಿ ಸಾರು ಜಾಸ್ತಿ ಸುರಿದುಕೊಂಡು ನುಂಗಿ, "ಶಾಲೆಯಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಸಿದೋರು ಬಾಳೆಕಾಯಿ ಬೇಯಿಸೋದನ್ನೂ ಕಲಿಸ್ಬಾರದಿತ್ತಾ?" ಅಂದರು. ಈಗ ಪರವಾಗಿಲ್ಲ. ಬಾಳೆಲೆ ಕಟ್ಟುವಾಗ ಗಾಳಿ ಹೋಗಬಾರದು ಎಂಬ ನಿಮ್ಮ ಮಾತು ನೆನಪಿಗೆ ಬಂತು.

ಇನ್ನು ದೊಡ್ಡ ಸುದ್ದಿ: ನಮ್ಮ ಸಮಾರಂಭದ ಡಿಸ್ಕ್ ಬಂದಿದೆ! ವಾಲುಸಿಂಬಿಯ ಕಡೆಯವರು ನಮ್ಮ ಮನೆಗೆ ಬಂದು ನನ್ನನ್ನು ಕೇಳಿದ ಆ ದಿನವೆಲ್ಲ ಎರಡು ಡಿಸ್ಕಿನಲ್ಲಿದೆ. ಶುಕ್ರವಾರ ಬಂತು. ಇವರ ಕಚೇರಿಯವರು ಉಡುಗೊರೆ ಕೊಟ್ಟ ಡಿಸ್ಕ್ ಪ್ಲೇಯರ್ ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಕುಣಿದುಕೊಂಡು ತೆಗೆದೆವು, ಹಾಕಿದೆವು. ಅಯ್ಯೋ, ಏನು ಹೇಳಲಿ! ಬಣ್ಣವೇ ಇಲ್ಲ, ಎಲ್ಲ ಬೂದಿ ಬೂದಿ. ಜನರೆಲ್ಲ ಪಪ್ಪಾಯಿ ಮರದ ಹಾಗೆ ಸಪೂರವಾಗಿ ಮೇಲಕ್ಕೆ ಎಳೆದುಕೊಂಡಿದ್ದಾರೆ. ಮಾತು ಒಂದೂ ಕೇಳುವುದಿಲ್ಲ, ಮೇಲೆ ಹಾಡು ಸುರಿದಿದ್ದಾನೆ. ಇವರು ಪ್ಲೇಯರಿನ ತಲೆಗೆ ಎರಡು ಏಟು ಕೊಟ್ಟು, "ವಿಡಿಯೋದವನು ಮೋಸ ಮಾಡ್ದ" ಎಂದು ತೀರ್ಪು ಕೊಟ್ಟರು.

ನನಗೆ ಅಳುವೇ ಬಂತು, ಸೆಂಗಾ. ಯಾಕೆಂದು ನಿಮಗೆ ಗೊತ್ತು. ಆ ದಿನ ಒಳಕೋಣೆಯಲ್ಲಿ ನೀವು ನನ್ನ ಸೊಂಟಪಟ್ಟಿ ಬಿಗಿಯುತ್ತಿದ್ದಾಗ ನಾನು ಒಂದೇ ಪ್ರಶ್ನೆ ಕೇಳಿದ್ದೆ, ಅಮ್ಮ ಬಂದಿದ್ದಾಳಾ ಎಂದು. "ಇಲ್ಲ ಮಗಳೇ, ಹೇಳಿ ಕಳಿಸಿದ್ವಿ, ಬರಲಿಲ್ಲ" ಎಂದಿರಿ. ನಿಮ್ಮ ಮಾತನ್ನು ನಂಬದೆ ಅಲ್ಲ. ಆದರೂ ಮುನ್ನೂರು ಜನರಿದ್ದ ಚಪ್ಪರ, ನೀವು ಎಲ್ಲರನ್ನೂ ನೋಡಿರಲಾರಿರಿ. ಡಿಸ್ಕ್ ಬಂದರೆ ಒಂದೊಂದೇ ಮುಖ ನಿಲ್ಲಿಸಿ ನೋಡೋಣ, ಅವಳು ಹಿಂದಿನ ಸಾಲಿನಲ್ಲೆಲ್ಲೋ ಕೂತಿದ್ದರೆ ಸಾಕು ಎಂದು ಕಾಯುತ್ತಿದ್ದೆ. ಬೂದಿ ಬಣ್ಣದ ಪಪ್ಪಾಯಿ ಮರಗಳಲ್ಲಿ ಯಾರನ್ನು ಹುಡುಕಲಿ?

ಅದರ ಮೇಲೆ ಭಾನುವಾರ ಮಾವನವರು ಡಿಸ್ಕ್ ನೋಡಲು ಬರುವುದೆಂದು ನಿಶ್ಚಯವಾಯಿತು! ಗಂಡಿನ ತಂದೆ ಹೆಣ್ಣಿನ ಮನೆಗೆ ಬರುವ ಪದ್ಧತಿ ಇಲ್ಲವಲ್ಲ, ಹಾಗಾಗಿ ಅವರು ಏನನ್ನೂ ನೋಡಿರಲಿಲ್ಲ. ತಮ್ಮ ಕಡೆಯ ವಕ್ತಾರ ನಮ್ಮ ವಕ್ತಾರನಿಗೆ ಹೇಗೆ ಉತ್ತರ ಕೊಟ್ಟ ಎಂದು ಕೇಳುವ ಆಸೆ ಅವರಿಗೆ.

ಅತ್ತೆಯನ್ನೂ ಕರೆದುಕೊಂಡು ಬಂದರು. ನಾನು ಒಳಬಾಗಿಲ ಪರದೆಯ ಹಿಂದೆ ಮಂಡಿಯೂರಿ ನಮಸ್ಕಾರ ಹೇಳಿ ಅಲ್ಲೇ ಉಳಿದೆ. ನೀವು ಹೇಳಿಕೊಟ್ಟದ್ದರಲ್ಲಿ ಒಂದನ್ನೂ ಮರೆತಿಲ್ಲ: ಮಾವನೆದುರು ಕೂರಬಾರದು, ಮುಖಕ್ಕೆ ಮುಖ ಕೊಡಬಾರದು, ಕೈಯಿಂದ ಕೈಗೆ ಏನೂ ದಾಟಬಾರದು, ದಾಟಿದರೆ ಮುಪ್ಪಿನಲ್ಲಿ ಕೈ ನಡುಗುತ್ತದೆ. ಸೋಡಾ ತರಲು ಹೋದ ನಿಮ್ಮ ಅಳಿಯ ಸೋಡಾ ಕಾರ್ಖಾನೆಗೇ ಹೋದರೇನೋ, ಒಂದು ಗಂಟೆ ಪತ್ತೆಯಿಲ್ಲ. ರಿಮೋಟ್ ಮಾವನವರ ಕೈಯಲ್ಲಿ. ಪ್ಲೇಯರಿನ ಜೊತೆ ಬಂದ ಇಂಗ್ಲಿಷ್ ಪುಸ್ತಕ ನನ್ನ ಕೈಯಲ್ಲಿ. ನಡುವೆ ಪರದೆ, ಪರದೆಯ ಪಕ್ಕ ಅತ್ತೆ.

"ಇದ್ಯಾರು ಈ ಕಡ್ಡಿ?" ಮಾವನವರ ಧ್ವನಿ. "ನನ್ನ ಮಗ ತೋರ್ಸಿದ ಫೋಟೋದಲ್ಲಿ ಹುಡುಗಿ ತುಂಬಿಕೊಂಡಿದ್ಲು. ಅವರ ಮನೇಲಿ ಊಟ ಹಾಕ್ತಿರ್ಲಿಲ್ವಾ?"

"ಮೆಲ್ಲಗೆ ಮಾತಾಡಿ, ಅವಳು ಇಲ್ಲೇ ಇದಾಳೆ," ಎಂದರು ಅತ್ತೆ.

"ಇಲ್ಲೇ ಇದ್ರೆ ಕೇಳೇ ಅವಳನ್ನ, ಆ ಪುಸ್ತಕದಲ್ಲಿ ಇದಕ್ಕೇನು ಔಷಧಿ ಬರ್ದಿದೆ ಅಂತ."

ಅವರ ಮಾತು ನನಗೆ ಕೇಳುತ್ತದೆ, ನನ್ನದು ಅವರಿಗೆ. ಆದರೂ ಪ್ರತಿ ಮಾತೂ ಅತ್ತೆಯ ಬಾಯಿಂದಲೇ ದಾಟಬೇಕು! ನಾನು ಪುಸ್ತಕ ಓದಿ, ಟೀವಿ ಪರದೆಯ ಆಕಾರ ಎಂಬಲ್ಲಿ ಹದಿನಾರು-ಒಂಬತ್ತು ಇರುವುದನ್ನು ನಾಲ್ಕು-ಮೂರಕ್ಕೆ ಬದಲಾಯಿಸಬೇಕು ಎಂದೆ. ಅತ್ತೆ, "ಹದಿನಾರನ್ನ ನಾಲ್ಕು ಮಾಡ್ಬೇಕಂತೆ" ಎಂದರು. "ನಮ್ಮ ದನಗಳಿಗೂ ಹೀಗೇ ಆಗಿತ್ತು," ಎಂದರು ಮಾವ.

ಟೀವಿ ಕಾಣದೆ ಹೇಗೆ ಹೇಳಲಿ? ಆಗ ನನ್ನ ತಲೆ ಓಡಿತು ನೋಡಿ! ಪೌಡರ್ ಹಚ್ಚುವ ಪುಟ್ಟ ಕನ್ನಡಿಯನ್ನು ಪರದೆಯ ಅಂಚಿನಲ್ಲಿ ಹಿಡಿದೆ. ಮಾವನವರ ಮುಖ ಕಾಣುವುದಿಲ್ಲ, ಟೀವಿ ಮಾತ್ರ ಕಾಣುತ್ತದೆ. ಪದ್ಧತಿಯೂ ಉಳಿಯಿತು, ಕೆಲಸವೂ ಆಗುತ್ತದೆ ಎಂದು ಬೀಗುತ್ತಾ, "ಬಲಗಡೆ ಬಾಣ ಒತ್ತಲಿ" ಎಂದೆ. ಕನ್ನಡಿಯಲ್ಲಿ ಎಡವೆಲ್ಲ ಬಲವಾಗುತ್ತದೆ ಎಂಬುದು ಈ ಇಂಗ್ಲಿಷ್ ಓದಿದ ತಲೆಗೆ ಹೊಳೆಯಲೇ ಇಲ್ಲ! ಅವರು ಬಲ ಒತ್ತಿದರು, ಸರಿ ಎನ್ನುವ ಗುಂಡಿಯನ್ನೂ ಒತ್ತಿದರು. ಟೀವಿಯ ಮೇಲಿನ ಅಕ್ಷರವೆಲ್ಲ ಚೀನೀ ಭಾಷೆಗೆ ತಿರುಗಿತು.

"ಅಲ್ಲೇನು ಬರ್ದಿದೆ ಅತ್ತೆ?"

"ಒಂದು ಗುಡಿಸಲು. ಅದರ ಪಕ್ಕ ಕಾಲು ಮುರಿದ ಕುರ್ಚಿ. ಕೆಳಗೆ ಯಾರೋ ಸೌದೆ ಹೊತ್ಕೊಂಡು ಹೋಗ್ತಿದಾರೆ."

"ನಾನು ಇವತ್ತೇ ಮನೆಗೆ ಹೋಗ್ತೀನಿ," ಎಂದರು ಮಾವ. "ಈ ಹುಡುಗಿ ನನ್ನನ್ನ ಚೀನಾಕ್ಕೆ ಕಳಿಸಿದ್ಲು."

ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಆಚೆ ಅವರೂ ನಗುತ್ತಿದ್ದರು! ಆಮೇಲೆ ಪುಸ್ತಕದ ಚಿತ್ರ ನೋಡಿ ಸಾಲು ಎಣಿಸಿ, ಎಡ ಬಲ ತಿರುಗಿಸಿ ಹೇಳಿ, ಅಕ್ಷರವನ್ನು ಇಂಗ್ಲಿಷಿಗೆ ತಂದೆವು. ಜನ ದಪ್ಪಗಾದರು. ಇನ್ನೊಂದು ಸಾಲಿನಲ್ಲಿ ಅಮೆರಿಕದ ಪದ್ಧತಿ ಎಂದಿದ್ದುದನ್ನು ನಮ್ಮ ಟೀವಿಯ ಪದ್ಧತಿಗೆ ಬದಲಾಯಿಸಿದ ಕೂಡಲೇ ಬಣ್ಣ ಬಂತು, ಸೆಂಗಾ! ಬಿಳಿ ಕಾಂಜು ತೊಟ್ಟ ಗಂಡಸರ ಹಿಂದೆ ಬಾಳೆತೋಟದ ಹಸಿರು ಒಮ್ಮೆಲೇ ಉಕ್ಕಿತು. ಅತ್ತೆ ಚಪ್ಪಾಳೆ ತಟ್ಟಿದರು.

ಕೊನೆಗೆ ಧ್ವನಿ. ಅಲ್ಲಿ ಮೂರು ಆಯ್ಕೆ ಇದ್ದವು: ಎರಡೂ ಕಡೆ, ಎಡ, ಬಲ. ಎಡ ಎಂದು ಇಟ್ಟ ಕ್ಷಣ ಹಾಡು ಮಾಯ! ಬರೀ ಮಾತು! ವಿಡಿಯೋದವನು ಹಾಡನ್ನೆಲ್ಲ ಬಲಗಡೆಗೆ ಹಾಕಿ, ಅಲ್ಲಿ ನಿಜವಾಗಿ ಆಡಿದ ಮಾತನ್ನು ಅಳಿಸದೆ ಎಡಗಡೆಯಲ್ಲಿ ಬಿಟ್ಟಿದ್ದ. ಮಾವನವರ ವಕ್ತಾರ, "ನಾವು ದಾರಿ ತಪ್ಪಿ ಬಂದವರಲ್ಲ, ದಾರಿ ಸವೆಸಿ ಬಂದವರು" ಎಂದಾಗ ಅವರು ಎದ್ದು ನಿಂತು ತೊಡೆ ತಟ್ಟಿದರಂತೆ. ಹೋಗುವಾಗ, "ಆ ಪರದೆಯ ಹಿಂದಿನ ಎಂಜಿನಿಯರಿಗೆ ಹೇಳು, ನನ್ನ ಮಗನ ಮನೆ ಕತ್ತಲಾಗಲ್ಲ" ಎಂದು ಅತ್ತೆಯ ಕೈಲಿ ಹೇಳಿಸಿದರು. ಪರದೆಯ ಹಿಂದೆ ನಾನು ಎಷ್ಟು ಉಬ್ಬಿದೆ ಎಂದರೆ ನಿಮ್ಮ ಸೊಂಟಪಟ್ಟಿ ಸಾಲದಾಗುತ್ತಿತ್ತು! ಅವರು ಹೋದ ಮೇಲೆ ನಿಮ್ಮ ಅಳಿಯ ಬೆಚ್ಚಗಾದ ಸೋಡಾ ಹಿಡಿದು ಬಂದು, "ಏನಾದ್ರೂ ತೊಂದ್ರೆ ಆಯ್ತಾ?" ಎಂದರು.

ಸೋಮವಾರ ಇವರು ಕೆಲಸಕ್ಕೆ ಹೋದ ಮೇಲೆ ಎರಡೂ ಡಿಸ್ಕನ್ನು ಮೊದಲಿನಿಂದ ಒಬ್ಬಳೇ ನೋಡಿದೆ.

ಕಾಗದ ಮುಗಿಯುತ್ತಾ ಬಂತು. ಮಸಾಕಾ ಕಡೆ ಹೋಗುವ ಟ್ಯಾಕ್ಸಿಯವರ ಕೈಲಿ ಇದನ್ನೂ ಎರಡು ಕಿಲೋ ಸಕ್ಕರೆಯನ್ನೂ ಕಳಿಸುತ್ತೇನೆ. ನಿಮ್ಮ ಮಂಡಿನೋವು ಕಡಿಮೆಯಾಗಲಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ, ದೇವರು ನಿಮಗೆ ನನ್ನ ಮಕ್ಕಳನ್ನೂ ಎತ್ತಿ ಆಡಿಸುವಷ್ಟು ಆಯುಸ್ಸು ಕೊಡಲಿ.

ನಿಮ್ಮ ಮಗಳು,
ರೆಸ್ಟಿ ನಾಮುಯಿಗಾ

ಮರೆತ ಮಾತು: ಮರೆತದ್ದಲ್ಲ, ಸೆಂಗಾ. ಎರಡು ದಿನದಿಂದ ಬರೆಯಲೋ ಬೇಡವೋ ಎಂದು ಇಟ್ಟುಕೊಂಡದ್ದು. ಸಮಾರಂಭ ಶುರುವಾಗುವ ಮೊದಲು ವಿಡಿಯೋದವನು ಕ್ಯಾಮೆರಾ ಚಾಲೂ ಬಿಟ್ಟು ಎಲ್ಲೋ ಹೋಗಿದ್ದ. ಐದು ನಿಮಿಷ ನಮ್ಮ ಹಿಂಬಾಗಿಲ ಹೂಕುಂಡ ಬಿಟ್ಟರೆ ಏನೂ ಕಾಣುವುದಿಲ್ಲ. ಅದನ್ನು ಎಲ್ಲರೂ ಓಡಿಸಿಬಿಡುತ್ತಾರೆ, ನಾನು ಓಡಿಸಲಿಲ್ಲ. ಎಡಗಡೆ ನಿಮ್ಮ ಧ್ವನಿ ಕೇಳಿತು. "ನಾಲುಬೇಗಾ, ನೀನ್ಯಾಕೆ ಬಂದೆ? ಗಂಡಿನ ಕಡೆಯೋರು ಕೇಳಿದ್ರೆ ಏನಂತ ಹೇಳೋದು?" ಅಮ್ಮನ ಧ್ವನಿ ನನಗೆ ನೆನಪಿರಲಿಲ್ಲ, ಈಗ ನೆನಪಿದೆ. "ನಾನು ಒಳಗೆ ಬರಲ್ಲ ಅಕ್ಕಾ. ಅಷ್ಟು ಹುಡುಗಿಯರು ಸಾಲಾಗಿ ಬರ್ತಾರೆ, ನನಗೆ ಅವಳ ಗುರುತು ಸಿಗಲ್ಲ. ಯಾವ ಬಣ್ಣದ ಗೋಮೆಸಿ ಉಡ್ಸಿದೀರಿ ಅಂತ ಹೇಳಿ ಸಾಕು, ದೂರದಿಂದ ನೋಡ್ಕೊಂಡು ಹೋಗ್ತೀನಿ." ನೀವು "ನೇರಳೆ" ಎಂದಿರಿ.

ನಾನು ಉಟ್ಟಿದ್ದು ಹಸಿರು. ನೇರಳೆ ಉಟ್ಟವಳು ದೊಡ್ಡಪ್ಪನ ಮಗಳು ನಕಿಮುಲಿ. ಎರಡನೆಯ ಡಿಸ್ಕಿನಲ್ಲಿ, ನಾವು ಹುಡುಗಿಯರು ಸಾಲಾಗಿ ಬರುವಾಗ, ಚಪ್ಪರದ ಕಂಬದ ಹಿಂದೆ ಒಬ್ಬ ಹೆಂಗಸು ನಿಂತಿದ್ದಾಳೆ. ನಾನು ಅವಳ ಮುಂದೆಯೇ ಹಾದುಹೋಗುತ್ತೇನೆ, ಅವಳು ನನ್ನನ್ನು ನೋಡುವುದಿಲ್ಲ. ನಕಿಮುಲಿಯನ್ನು ನೋಡುತ್ತಾ ಅಳುತ್ತಿದ್ದಾಳೆ. ಬಣ್ಣ ಈಗ ಎಷ್ಟು ಚೆನ್ನಾಗಿದೆ ಎಂದರೆ ತಪ್ಪು ತಿಳಿಯಲು ಸಾಧ್ಯವೇ ಇಲ್ಲ.

ನೀವು ನನ್ನನ್ನು ಬಿಟ್ಟುಕೊಡಲಾರದೆ ಹಾಗೆ ಮಾಡಿದಿರಿ ಎಂದು ನನಗೆ ಗೊತ್ತು. ಸಿಟ್ಟಿದೆ, ಆದರೂ ನೀವೇ ನನ್ನ ಸೆಂಗಾ. ಅವಳಿರುವ ಊರಿನ ಹೆಸರು ಬರೆದು ಕಳಿಸಿ. ಸರಿಯಾದ ಹೆಸರು.