ಮೂರನೇ ಬೆಡ್ಡಿನ ವಿಮರ್ಶಕಿ

ಜೂನ್ 2, ಸೋಮವಾರ. ಬೆಳಿಗ್ಗೆ, ರೈಲು

ಸಕಲರಿಗೂ ಈ ಮೂಲಕ ಘೋಷಿಸುವುದೇನೆಂದರೆ — ಸಿನಿಮಾಗಳಿಗೆ ಸ್ಟಾರ್ ಕೊಡುವ ಪದ್ಧತಿಯನ್ನು ಇಂದಿನಿಂದ ಶಾಶ್ವತವಾಗಿ ರದ್ದುಪಡಿಸಲಾಗಿದೆ. ಐದಕ್ಕೆ ಮೂರೂವರೆ, ನಾಲ್ಕೂಕಾಲು ಎಂಬ ತರಕಾರಿ ತೂಕ ಇನ್ನಿಲ್ಲ. ಹೊಸ ಅಳತೆ ಒಂದೇ: ಡಯಾಲಿಸಿಸ್ ಮಿಷಿನ್‌ನಲ್ಲಿ ಇನ್ನೆಷ್ಟು ಹೊತ್ತು ಉಳಿದಿದೆ ಎಂದು ಪ್ರೇಕ್ಷಕ ಎಷ್ಟು ಸಲ ಕತ್ತೆತ್ತಿ ನೋಡಿದ? ಹತ್ತರೊಳಗಾದರೆ ಸೂಪರ್ ಹಿಟ್. ಇಪ್ಪತ್ತಾದರೆ ಸುಮಾರು. ಮೂವತ್ತು ದಾಟಿದರೆ ನಿರ್ದೇಶಕರನ್ನೇ ಕರೆತಂದು ನಮ್ಮ ಬೆಡ್ಡಿನಲ್ಲಿ ಮಲಗಿಸತಕ್ಕದ್ದು.

ಪ್ರೇಕ್ಷಕರು ಒಟ್ಟು ಇಬ್ಬರು. ಬಂಗಾರಪೇಟೆ ಸೆಂಟರಿನ ನಾಲ್ಕನೇ ಬೆಡ್ ನಾನು. ಮೂರನೆಯದು ವೆಂಕಟರತ್ನಮ್ಮ — ಅರವತ್ತೆರಡು ವರ್ಷ, ಎರಡು ಸೀಮೆಹಸು, ಕರುಣೆಯೇ ಇಲ್ಲದ ವಿಮರ್ಶಕಿ. ಸೋಮ, ಬುಧ, ಶುಕ್ರ. ದಿನಕ್ಕೆ ನಾಲ್ಕು ಗಂಟೆ. ನಡುವೆ ಸ್ಟೂಲು, ಅದರ ಮೇಲೆ ನನ್ನ ಫೋನು. ಬ್ಲೂಟೂತ್ ಇಯರ್‌ಫೋನಿನ ಎಡಗಿವಿಯದು ನನಗೆ, ಬಲಗಿವಿಯದು ಅವರಿಗೆ. ಈ ಇಬ್ಬರ ಸಂಘದ ಕಾನೂನು ಒಂದೇ: ಕ್ಲೈಮ್ಯಾಕ್ಸ್ ಒಬ್ಬರೇ ನೋಡುವಂತಿಲ್ಲ.

ಪಕ್ಕದ ಸೀಟಿನ ಕನ್ನಡಕದವರು ಇದನ್ನು ಓರೆಗಣ್ಣಲ್ಲಿ ಓದುತ್ತಿದ್ದಾರೆ. ದಿನಾ ಓದುತ್ತಾರೆ. ಓದಲಿ. ಮಾರಿಕುಪ್ಪಂ ರೈಲಿನಲ್ಲಿ ಯಾರ ದಿನಚರಿಯೂ ಖಾಸಗಿಯಲ್ಲ.

ಜೂನ್ 4, ಬುಧವಾರ

ಇಂದಿನ ಚಿತ್ರ: ತೆಲುಗು, ಕನ್ನಡಕ್ಕೆ ಡಬ್. ನಾಯಕ ಲಾರಿ ಡ್ರೈವರ್. ಎದೆಗೆ ಎರಡು ಗುಂಡು, ಆಸ್ಪತ್ರೆ, ತಂಗಿಯ ಫೋನು — ಕೈಗೆ ಚುಚ್ಚಿದ್ದ ಸೂಜಿ ಕಿತ್ತೆಸೆದು ಎದ್ದೇ ಹೊರಟ. ಒಂದು ಹನಿ ರಕ್ತವಿಲ್ಲ!

ವೆಂಕಟರತ್ನಮ್ಮ ಕುಲುಕಿ ನಕ್ಕರು. ಅವರ ಮಿಷಿನ್ ಕೂಗಿಕೊಂಡಿತು. ಟೆಕ್ನಿಷಿಯನ್ ಲಿಖಿತ ಓಡಿ ಬಂದಳು.

“ಅಲ್ಲಾಡಬೇಡಿ ಅಜ್ಜಿ, ಸೂಜಿ ಸರೀತದೆ!”

“ಅವ್ನು ನೋಡಮ್ಮ, ಕಿತ್ಕಂಡು ಎಂಗೋದ! ನಾವು ಕಿತ್ಕಂಡ್ರೆ ಗೋಡೆಗೆಲ್ಲಾ ಕೆಮ್ಮಣ್ಣು ಬಳ್ದಂಗಾಯ್ತದೆ.”

“ಅವನು ಹೀರೋ ಅಮ್ಮ,” ಅಂದೆ.

“ಈರೋ ಆದ್ರೆ ಮೈಯಾಗೆ ರಕ್ತ ಇರಲ್ವಾ ನಾಯ್ನಾ? ಬರೀ ಡೈಲಾಗೇನಾ?”

ನಾನು ನೋಡಿದ್ದು ಹದಿನಾಲ್ಕು ಸಲ, ಅವರು ಹನ್ನೊಂದು. ಅಂತಿಮ ತೀರ್ಪು: “ಫಸ್ಟ್ ಆಫ್ ಪರ್ವಾಗಿಲ್ಲ. ಸೆಕೆಂಡ್ ಆಫ್ ಎಳೀತದೆ.” ಅವರ ಪ್ರಕಾರ ಭೂಮಿಯ ಮೇಲಿನ ಎಲ್ಲ ಸಿನಿಮಾದ ಸೆಕೆಂಡ್ ಹಾಫೂ ಎಳೆಯುತ್ತದೆ.

ಜೂನ್ 13, ಶುಕ್ರವಾರ

ಡಾಕ್ಟರು ಮೂರನೇ ಬೆಡ್ಡಿನ ಹತ್ತಿರ ಹೆಚ್ಚು ಹೊತ್ತು ನಿಂತರು. ವೆಂಕಟರತ್ನಮ್ಮನ ಕೈಯ ಫಿಸ್ಟುಲ — ಸೂಜಿ ಚುಚ್ಚಲೆಂದೇ ಆಪರೇಷನ್ ಮಾಡಿ ದಪ್ಪ ಮಾಡಿದ ನರ — ಮುಚ್ಚಿಕೊಳ್ಳುತ್ತಿದೆಯಂತೆ. ಆರು ವರ್ಷದಲ್ಲಿ ಇದು ಎರಡನೆಯದು. ಇನ್ನು ಕುತ್ತಿಗೆಗೆ ಪೈಪು. ಯೋಚನೆ ಮಾಡಿ ಹೇಳಿ ಎಂದರು.

“ಕುತ್ತಿಗೇಗಾ? ದನಕ್ಕೆ ಅಗ್ಗ ಆಕ್ದಂಗೆ?” ಎಂದಷ್ಟೇ ಕೇಳಿದರು ಅಮ್ಮ. ಆಮೇಲೆ ನನ್ನ ಕಡೆ ತಿರುಗಿ, “ಆಕಪ್ಪ ಪಿಕ್ಚರ್ರು.”

ಸಂಜೆ ಉರಿಗಾಂ ಸ್ಟೇಷನ್ನಿನಲ್ಲಿ ಇಳಿದು ನನ್ನ ಎಡಗೈಯ ಫಿಸ್ಟುಲವನ್ನು ಕಿವಿಗಿಟ್ಟುಕೊಂಡೆ. ಒಳಗೆ ರಕ್ತ ಹರಿದು ಗುಂಯ್ ಎನ್ನುತ್ತಿದೆ. ಹಳೇ ಟಾಕೀಸಿನ ಪ್ರೊಜೆಕ್ಟರ್ ಥರ. ಸದ್ಯ, ಶೋ ನಡೆಯುತ್ತಿದೆ.

ಜೂನ್ 16, ಸೋಮವಾರ

ಇತಿಹಾಸ! ವೆಂಕಟರತ್ನಮ್ಮ — ಸೊನ್ನೆ ಸಲ!

ಅದೂ ಎಂಥ ಚಿತ್ರಕ್ಕೆ! ತಮಿಳಿನದು, ಪ್ರಶಸ್ತಿ ಜಾತಿಯದು. ಮುದುಕನೊಬ್ಬ ಕಾಯಿಲೆಯ ಎತ್ತನ್ನು ಹೊಡೆದುಕೊಂಡು ನಡೆಯುತ್ತಾನೆ. ನಡೆಯುತ್ತಾನೆ. ಇನ್ನೂ ನಡೆಯುತ್ತಾನೆ. ನಾನು ಮೂವತ್ತೇಳು ಸಲ ಮಿಷಿನ್ ನೋಡಿದೆ. ಅಮ್ಮ ಒಂದು ಸಲವೂ ಕತ್ತೆತ್ತಲಿಲ್ಲ. ಆದರೂ ಕೊನೆಗೆ ಅದೇ ಮಾತು — “ಭಾಳ ಎಳೀತದಪ್ಪ.” ಸೊನ್ನೆ ನೋಟ, ಮತ್ತೆ ಎಳೀತದೆ! ಇದೆಂಥ ವಿಮರ್ಶೆ? ಹೊಸ ಅಳತೆಗೆ ಮೊದಲ ತಿಂಗಳಲ್ಲೇ ಅವಮಾನ.

ಎತ್ತು ಮಲಗಿಬಿಟ್ಟ ಜಾಗದಲ್ಲಿ ನಮ್ಮ ನಾಲ್ಕು ಗಂಟೆ ಮುಗಿಯಿತು. ತಡವಾಗಿ ಹಾಕಿದ್ದರಿಂದ ಚಿತ್ರ ಇನ್ನೂ ಇಪ್ಪತ್ತು ನಿಮಿಷ ಬಾಕಿ. “ಕ್ಲೈಮ್ಯಾಕ್ಸ್ ಬುಧವಾರ,” ಅಂದೆ. ಇಯರ್‌ಫೋನ್ ಕೊಡುವುದನ್ನು ಮರೆತು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದರು.

ಜೂನ್ 18, ಬುಧವಾರ

ಮೂರನೇ ಬೆಡ್ ಖಾಲಿ. ಅಮ್ಮನನ್ನು ಕರೆತರುವ ಮಗನ ಬೈಕ್ ಕೆಟ್ಟಿರಬೇಕು.

ಜೂನ್ 20, ಶುಕ್ರವಾರ

ಬೈಕ್ ಕೆಟ್ಟಿಲ್ಲ.

ಜೂನ್ 22, ಭಾನುವಾರ

ಇಯರ್‌ಫೋನ್ ವಸೂಲಿಯ ನೆಪ. ಆಟೋ ಹಿಡಿದು ಅವರ ಊರಿಗೆ ಹೋದೆ. ಮಗ ಶ್ರೀಧರ್ ಗೇಟಿನಲ್ಲೇ ಕೈ ಹಿಡಿದುಕೊಂಡ. “ನೀವಾದ್ರೂ ಅಮ್ಮಂಗೆ ಏಳಿ ಸಾರ್. ಕಾಲಿಗೆ ಬಿದ್ರೂ ಬರಲ್ಲ ಅಂತಾಳೆ.”

ಕೊಟ್ಟಿಗೆಯ ಪಕ್ಕ ಚಾಪೆ. ಮುಖ ಊದಿದೆ. ಕೈಯಲ್ಲಿ ಚೊಂಬು, ಚೊಂಬಿನ ತುಂಬ ಮಜ್ಜಿಗೆ. ದಿನಕ್ಕೆ ಅರ್ಧ ಲೀಟರಿನ ಮೇಲೆ ಗುಟುಕು ಕುಡಿದರೆ ಬೈಸಿಕೊಳ್ಳುವ ಜಾತಿ ನಾವು. ಗಟಗಟ ಎತ್ತಿದರು. ನನ್ನ ಗಂಟಲು ತಾನಾಗಿ ಅಲ್ಲಾಡಿತು.

“ಬಾ ನಾಯ್ನಾ. ನಿನ್ನ ಈರೋ ಅಂಗೆ ಸೂಜಿ ಕಿತ್ಕಂಡು ಎದ್ ಬಂದೆ. ನೋಡು, ಒಂದನಿ ರಕ್ತ ಇಲ್ಲ.”

ನಗಬೇಕೆಂದುಕೊಂಡೆ. ಆಗಲಿಲ್ಲ.

“ಸೋಮವಾರ ಮಿಷಿನ್ ಕಡೆ ಒಂದ್ಸಲಾನೂ ನೋಡ್ಲಿಲ್ಲ ನೀವು. ಪಿಕ್ಚರ್ ಅಷ್ಟು ಹಿಡಿಸ್ತು ಅಂದ್ಕೊಂಡೆ.”

“ಪಿಕ್ಚರ್ರೂ ಇಲ್ಲ ಏನೂ ಇಲ್ಲ. ಇವತ್ತೇ ಕಡೇದು ಅಂತ ಮನ್ಸಾಗೆ ಬಂದ್ಬುಟ್ಟಿತ್ತು. ಆಮೇಲೆ ಟೈಮ್ ಯಾಕಪ್ಪ ನೋಡ್ಲಿ?”

ಹಸುವೊಂದು ಉಸಿರು ಬಿಟ್ಟಿತು. ಪೈಪ್ ಹಾಕಿಸಿಕೊಳ್ಳಿ ಅಂದೆ. ಒಂದು ವರ್ಷ, ಎರಡು ವರ್ಷ... ಎಷ್ಟೋ ಜನ... ಅವರು ಕೈ ಅಡ್ಡ ಹಿಡಿದರು.

“ಅದಿರ್ಲಿ. ಎತ್ತು ಏನಾಯ್ತು? ಏಳು.”

ಫೋನ್ ತೆಗೆದೆ. ಒಟ್ಟಿಗೆ ನೋಡೋಣ ಎಂದೆ. “ಕಣ್ಣು ಮಂಜು. ನೀನೇ ಏಳು,” ಅಂದರು. ಕಾನೂನಿನ ಪ್ರಕಾರ ನಾನೂ ನೋಡಿರಲಿಲ್ಲ. ಆದ್ದರಿಂದ ಹೇಳಿದೆ: ರಾತ್ರಿಯೆಲ್ಲ ಮುದುಕ ಪಕ್ಕದಲ್ಲೇ ಕೂತ. ಬೆಳಿಗ್ಗೆ ಎತ್ತು ಕಿವಿ ಅಲ್ಲಾಡಿಸಿತು. ಮೊದಲು ಹಿಂಗಾಲು, ಆಮೇಲೆ ಮುಂಗಾಲು. ಎದ್ದು ನಿಂತಿತು. ಇಬ್ಬರೂ ಮನೆ ಕಡೆ ನಡೆದರು.

ಅಮ್ಮ ಚೊಂಬು ಕೆಳಗಿಟ್ಟರು.

“ಅಂಗೆ ಮಲಗಿಬಿಟ್ಟ ಎತ್ತು ಮತ್ತೆ ಎದ್ದು ನಿಲ್ಲಲ್ಲ ನಾಯ್ನಾ. ನಾನು ದನ ಸಾಕಿದೋಳು.” ಸೆರಗಿನ ಗಂಟು ಬಿಚ್ಚಿ ಇಯರ್‌ಫೋನ್ ಕೊಟ್ಟರು. “ಆದ್ರೂ ಚೆನ್ನಾಗ್ ಏಳ್ದೆ. ಎಳೀಲಿಲ್ಲ.”

“ಮರೆತು ತಂದ್ಬಿಟ್ರಿ ಇದನ್ನ.”

“ಮರೆತು ಯಾಕೆ ತರ್ತೀನಿ? ಇಸ್ಕಳಕ್ಕಾದ್ರೂ ಬತ್ತೀಯ ಅಂತ.”

ಚೊಂಬನ್ನು ನನ್ನ ಕಡೆ ಚಾಚಿದರು. ಎರಡೇ ಗುಟುಕು ಕುಡಿದೆ. ಸರಿ, ನಾಲ್ಕು.

ಜೂನ್ 23, ಸೋಮವಾರ

ತೂಕ ಹೆಚ್ಚು ಬಂತು. ಲಿಖಿತ ಹುಬ್ಬು ಗಂಟಿಕ್ಕಿದಳು. “ಏನ್ ಕುಡಿದ್ರಿ ಅಣ್ಣ?”

“ಮಜ್ಜಿಗೆ. ಮೂರನೇ ಬೆಡ್ಡಿನವರ ಮನೇಲಿ.”

ಸೂಜಿ ಇವತ್ತು ನೋಯದ ಹಾಗೆ ಹಾಕಿದಳು.

ಜೂನ್ 30, ಸೋಮವಾರ

ಶ್ರೀಧರ್ ಫೋನು. ನಿನ್ನೆ ಬೆಳಿಗ್ಗೆ. ಹಾಲು ಕರೆದು ಡೈರಿಗೆ ಹಾಕಿ ಬರುವಷ್ಟರಲ್ಲಿ.

ಸಿನಿಮಾ ಹಾಕಲಿಲ್ಲ. ಮಿಷಿನ್ ನೋಡಿದೆ. ಎಣಿಸಲಿಲ್ಲ.

ಜುಲೈ 2, ಬುಧವಾರ

ಮೂರನೇ ಬೆಡ್ಡಿಗೆ ಹೊಸಬರು — ಕೋದಂಡಪ್ಪ. ಇಯರ್‌ಫೋನಿಲ್ಲದೆ, ಜೋರಾಗಿ, ರೀಲ್ಸ್. ಒಂದೊಂದು ಹದಿನೈದು ಸೆಕೆಂಡು. ಸೆಕೆಂಡ್ ಹಾಫೇ ಇಲ್ಲ. ಎಳೆಯುವ ಪ್ರಶ್ನೆಯೇ ಬರುವುದಿಲ್ಲ. ಅಮ್ಮನಿಗೆ ಹೇಳಬೇಕು ಅಂದುಕೊಂಡೆ.

“ನೀವು ಪಿಕ್ಚರ್ ನೋಡಲ್ವಾ ಸಾಮಿ?” ಎಂದು ಕೇಳಿದರು. ನೋಡುತ್ತಿದ್ದೆ ಅಂದೆ.

ಜುಲೈ 7, ಸೋಮವಾರ. ಬೆಳಿಗ್ಗೆ, ರೈಲು

ಶುಕ್ರವಾರ ಬಂಗಾರಪೇಟೆಯಲ್ಲಿ ಇಳಿಯಲಿಲ್ಲ. ನಿದ್ದೆ ಹತ್ತಿಬಿಡ್ತು ಎಂದು ಲಿಖಿತಳಿಗೆ ಫೋನಿನಲ್ಲಿ ಹೇಳಿದೆ. ನಿದ್ದೆ ಬಂದಿರಲಿಲ್ಲ. ಬಂಗಾರಪೇಟೆಯ ಬೋರ್ಡು ಕಿಟಕಿಯಲ್ಲಿ ನಿಂತಿತ್ತು, ನೋಡುತ್ತಾ ಕೂತಿದ್ದೆ, ಹಿಂದಕ್ಕೆ ಹೋಯಿತು. ಮುಂದಿನ ಟೇಕಲ್ ಸ್ಟೇಷನ್ ತನಕ ಹೋಗಿ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತೆ. ವಾಪಸ್ ಬರುವವರೆಗೂ ಒಂದು ಸಲವೂ ಟೈಮ್ ನೋಡಲಿಲ್ಲ ಎಂಬುದು ಸಂಜೆ ಹೊಳೆಯಿತು. ಸೊನ್ನೆ.

ಇಂದು ಕಾಲು ಊದಿದೆ. ಉಸಿರು ಮೇಲಕ್ಕೆ. ಆ ಇಪ್ಪತ್ತು ನಿಮಿಷ ಫೋನಿನಲ್ಲಿ ಹಾಗೇ ಇದೆ, ಎತ್ತು ಮಲಗಿದೆ. ಒಬ್ಬನೇ ನೋಡುವಂತಿಲ್ಲ.

ಕನ್ನಡಕದವರೇ, ಹೇಗೂ ಓದುತ್ತಿದ್ದೀರಿ. ಒಂದು ಸಣ್ಣ ಉಪಕಾರ. ಬಂಗಾರಪೇಟೆ ಬಂದಾಗ ಎಬ್ಬಿಸಿ. ನಾನು ಎಚ್ಚರವಾಗಿದ್ದರೂ ಎಬ್ಬಿಸಿ. ಎಡಗೈ ಮಾತ್ರ ಮುಟ್ಟಬೇಡಿ, ಅಲ್ಲಿ ಶೋ ನಡೆಯುತ್ತಿದೆ — ಬಲಭುಜ ತಟ್ಟಿ, ಸ್ವಲ್ಪ ಜೋರಾಗಿಯೇ —