ಕಚ್ಚದ ತೋಳು

೮ ಜೂನ್ ೧೯೮೨, ಮಂಗಳವಾರ. ಎಡಿನ್‌ಬರೋ

ಮತ್ತೆ ಹತ್ತೂವರೆಯ ಚಹಾ. ಮತ್ತೆ ಅದೇ ಜಗಳ. ಕೀಟ ಲ್ಯಾಬಿನ ಉದ್ದ ಮೇಜಿನ ಈ ತುದಿಗೆ ಹೆಕ್ಟರ್ ಪ್ರಿಂಗಲ್, ಆ ತುದಿಗೆ ಕಟ್ರಿಯೋನಾ ಲೀಸ್ಕ್. ನಡುವೆ ನಾನು, ನನ್ನ ಪೆನ್ನು. ಸೊಳ್ಳೆಗಿಂತ ಸಣ್ಣ, ರಕ್ತ ಹೀರುವ ಈ ನೊರಜುಗಳು ಕೆಲವರನ್ನು ಕಚ್ಚುವುದೇ ಇಲ್ಲ — ಇದನ್ನು ಇಬ್ಬರೂ ಒಪ್ಪುತ್ತಾರೆ. ಚರ್ಮದ ವಾಸನೆಯಿಂದ ಎನ್ನುತ್ತಾರೆ ಹೆಕ್ಟರ್. ವಾಸನೆಯೂ ಇಲ್ಲ ಗೀಸನೆಯೂ ಇಲ್ಲ, ಮೈ ತಣ್ಣಗಿದ್ದರೆ ಕಚ್ಚವು, ಅಷ್ಟೆ ಎನ್ನುತ್ತಾಳೆ ಅವಳು.

"ಏನಮ್ಮ ಊನಾ, ವರ್ಷದಿಂದ ಬರೀತಾನೇ ಇದೀಯ. ನಾನೆಷ್ಟು ಬಿಸ್ಕತ್ತು ತಿಂದೆ ಅಂತಾನೂ ಬರ್ಕೊಂಡಿದೀಯೋ?" ಎಂದರು ಹೆಕ್ಟರ್.

"ಬರ್ಕೊಂಡಿದೀನಿ. ಜಗಳ ಜೋರಾದ ದಿನ ಜಾಸ್ತಿ ತಿಂತೀರಿ."

ಕಟ್ರಿಯೋನಾಗೆ ಚಹಾ ನೆತ್ತಿಗೇರಿತು.

ಯಾರು ಸರಿ? ಕೇಳಬಾರದು. ನಾನು ಸಮಾಜಶಾಸ್ತ್ರದವಳು, ನನ್ನ ಕಸುಬೇ ಹಾಗೆ. ವಿಜ್ಞಾನಿಗಳು ಒಂದು ಮಾತನ್ನು ನಿಜವೆಂದು ಒಪ್ಪಿಕೊಳ್ಳುವುದು ಹೇಗೆ, ಅದನ್ನಷ್ಟೇ ನೋಡಬೇಕು. ಗೆದ್ದವರಿಗೂ ಸೋತವರಿಗೂ ಒಂದೇ ತಕ್ಕಡಿ. ಈ ಜಗಳದ ಮೇಲೆ ಅಧ್ಯಾಯ ಬರೆದುಕೊಟ್ಟರೆ ಲೆಕ್ಚರರ್ ಕೆಲಸಕ್ಕೆ ನನ್ನ ಹೆಸರೇ, ಎಂದಿದ್ದಾರೆ ನಮ್ಮ ವಿಭಾಗದ ಪ್ರೊಫೆಸರ್ ಲೋರಿಮರ್. ಇರುವುದು ಒಂದೇ ಜಾಗ. ಫೆಲೋಶಿಪ್ ಆಗಸ್ಟಿಗೆ ಮುಗಿಯುತ್ತದೆ.

೧೦ ಜೂನ್, ಸಂಜೆ

ಹೆಕ್ಟರ್ ಅವರ ಪ್ರಯೋಗಕ್ಕೆ ತೋಳು ಕೊಡಬೇಕಿದ್ದ ವಿದ್ಯಾರ್ಥಿ ಬರಲೇ ಇಲ್ಲ. ಗಾಜಿನ ಪೆಟ್ಟಿಗೆಯ ತುಂಬ ಹಸಿದ ನೊರಜುಗಳು. "ನಿನ್ನದೇ ಕೊಡಮ್ಮ, ಐದು ನಿಮಿಷ" ಎಂದರು ಹೆಕ್ಟರ್. ಹಿಂದೆಮುಂದೆ ನೋಡದೆ ಕೊಟ್ಟುಬಿಟ್ಟೆ.

ಒಂದೂ ಕಚ್ಚಲಿಲ್ಲ! ಹತ್ತಿರ ಬಂದವು, ತಿರುಗಿ ಹೋದವು. ಆಮೇಲೆ ಹೆಕ್ಟರ್ ತಮ್ಮ ತೋಳು ಇಟ್ಟರು — ತೋಳೆಲ್ಲ ಗಂಧೆ.

"ಸಿಕ್ತು ಕಣಮ್ಮ! ಇಂಥ ತೋಳಿಗೇ ಕಾಯ್ತಾ ಇದ್ದೆ!"

ನಾಚಿಕೆಯಾಗುವಷ್ಟು ಖುಷಿ ನನಗೆ. ಬಸ್ಸಿನಲ್ಲಿ ಮೊಣಕೈ ಮೂಸಿ ಮೂಸಿ ನೋಡಿಕೊಂಡೆ. ಸೋಪಿನ ವಾಸನೆ ಬಿಟ್ಟರೆ ಏನೂ ಇಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

೧೧ ಜೂನ್

ಸುದ್ದಿ ಕೇಳಿ ಲೋರಿಮರ್ ಕೆಂಡಾಮಂಡಲ. "ನೀನು ನೋಡೋಕೆ ಹೋದೋಳಾ, ನೋಡಿಸ್ಕೊಳ್ಳೋಕೆ ಹೋದೋಳಾ? ಒಂದ್ಸಲ ಆಯ್ತು, ಬಿಡೋಣ. ಇನ್ನೊಂದ್ಸಲ ಆ ಪೆಟ್ಟಿಗೆಗೆ ಕೈ ಹಾಕಿದ್ರೆ ಅಧ್ಯಾಯ ಮರೆತ್ಬಿಡು. ಕೆಲಸಾನೂ."

ಅವರ ಮಾತಿನಲ್ಲಿ ತಪ್ಪಿಲ್ಲ. ಸಾಕ್ಷಿಯ ಕಟಕಟೆ ಹತ್ತಿದವಳು ಆ ಮೊಕದ್ದಮೆಯ ಕಥೆ ಬರೆಯುವುದು ಹೇಗೆ?

೨೫ ಜೂನ್

ಲ್ಯಾಬಿಗೆ ಕಾಲಿಟ್ಟಿಲ್ಲ. ಮನೆಯಲ್ಲೇ ಅಧ್ಯಾಯ. ಜೂನ್ ಅಂತ ಹೆಸರಿಗೆ... ಸಮುದ್ರದ ಮಂಜು ಕಿಟಕಿಯವರೆಗೂ ಬಂದಿದೆ, ಸ್ವೆಟರ್ ಬಿಚ್ಚುವಂತಿಲ್ಲ.

ಕಟ್ರಿಯೋನಾ ಬಂದಳು. ಕೈ ಕುಲುಕಿ, "ಅಯ್ಯೋ, ಎಷ್ಟು ತಣ್ಣಗಿದೆ, ಇದೇನು ಕೈಯಾ ಮೀನಾ? ಇದಕ್ಕೇ ಕಣೇ ಕಚ್ಚಿಲ್ಲ! ಬಿಸಿನೀರಲ್ಲಿ ನೆನೆಸಿ ಇಟ್ಟು ನೋಡು. ಕಚ್ಚಿದ್ರೆ ನನ್ನ ಮಾತು ಸರಿ. ಆಗ್ಲೂ ಕಚ್ಚಲಿಲ್ವಾ, ಮುದುಕಪ್ಪಂದು ಸರಿ" ಎಂದಳು.

"ಆಗಲ್ಲ ಕಣೇ. ಕೆಲಸ ಹೋಗುತ್ತೆ."

"ಸರಿ ಬಿಡು. ನಿಮ್ಮ ಶಾಸ್ತ್ರದಲ್ಲಿ ಯಾವುದು ನಿಜ ಅಂತ ಗೊತ್ತಾಗದಿದ್ರೂ ನಡೆಯುತ್ತಲ್ಲ."

ಚುಚ್ಚಿದ್ದೇ. ನಾಟಿತು. ಅವಳು ಹೋದ ಮೇಲೆ ಒಂದು ಸಾಲೂ ಬರೆಯಲಾಗಲಿಲ್ಲ.

೬ ಜುಲೈ

ಇಂಟರ್‌ವ್ಯೂ. ಎಲ್ಲ ಸುಸೂತ್ರ. ಭೂವಿಜ್ಞಾನದ ಹಿರಿಯ ಹೆಂಗಸೊಬ್ಬರು ಕೇಳಿದರು: "ಆ ಇಬ್ಬರಲ್ಲಿ ಯಾರು ಸರಿ?" ಅದು ನನ್ನ ಪ್ರಶ್ನೆಯಲ್ಲ ಎಂದೆ. ಯಾಕಲ್ಲ ಎಂದು ಚೆನ್ನಾಗಿಯೇ ವಿವರಿಸಿದೆ. ಲೋರಿಮರ್ ತಲೆದೂಗಿದರು.

"ತಿಳ್ಕೋಬೇಕು ಅಂತ ಆಸೆಯಾದ್ರೂ ಆಗಲ್ವೇನಮ್ಮ?"

"ಇಲ್ಲ" ಎಂದೆ.

ಸುಳ್ಳು. ಹಸಿ ಸುಳ್ಳು. ತಿಂಗಳಿಂದ ಬೇರೆ ಯೋಚನೆಯೇ ಇಲ್ಲ ನನಗೆ.

೭ ಜುಲೈ

ಲೋರಿಮರ್ ಫೋನ್. ಕೆಲಸ ನನಗೇ! ಅಧ್ಯಾಯ ಕೈಗೆ ಬಂದ ಕೂಡಲೇ ಆರ್ಡರ್. ಅಮ್ಮನಿಗೆ ತಿಳಿಸಿದೆ, ಅತ್ತಳು. ನನಗೆ ಮಾತ್ರ ಯಾರದೋ ಸುದ್ದಿ ಕೇಳಿದಂತಿದೆ.

೯ ಜುಲೈ, ಮಧ್ಯಾಹ್ನ. ಲ್ಯಾಬ್

ಪೆಟ್ಟಿಗೆಗೆ ಮತ್ತೆ ಕೈ ಹಾಕುತ್ತೇನೆಂದು ಬೆಳಿಗ್ಗೆ ಲೋರಿಮರ್ ಹತ್ತಿರ ಹೋಗಿ ಹೇಳಿಯೇ ಬಂದೆ. ಅವರು ಕನ್ನಡಕ ತೆಗೆದರು. "ಯಾಕಮ್ಮ?"

"ತಿಳ್ಕೋಬೇಕು ಸರ್."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೆಲಸ ಹೋಯಿತು. ಆದರೂ ಲ್ಯಾಬಿನ ಮೆಟ್ಟಿಲು ಓಡಿಕೊಂಡೇ ಹತ್ತಿದೆ.

ಎಡಗೈ ಪೆಟ್ಟಿಗೆಯಲ್ಲಿ. ಬಲಗೈಯಲ್ಲಿ ಇದನ್ನು ಗೀಚುತ್ತಿದ್ದೇನೆ. ಈಗಷ್ಟೇ ಬಿಸಿನೀರಿನಿಂದ ತೆಗೆದ ತೋಳು, ಬೀಟ್‌ರೂಟಿನ ಹಾಗೆ ಕೆಂಪಗಿದೆ. ನೊರಜುಗಳು ಸುತ್ತುತ್ತಿವೆ. ಒಂದು ಹತ್ತಿರ ಬಂತು. ಮಣಿಕಟ್ಟಿನ ಮೇಲೆ —

"ಕೂತಿತು!" ಕಟ್ರಿಯೋನಾ.

"ಕೂತ್ರೆ ಕಚ್ಚಿದ ಹಾಗಾ? ಸುಮ್ನಿರು." ಹೆಕ್ಟರ್.

"ಗುರುತು ನೋಡಿ ಮತ್ತೆ."

"ಏನು ನೋಡೋದು? ತೋಳೆಲ್ಲ ಬೇಯ್ಸಿಬಿಟ್ಟಿದೀಯ!"

ಹಾರಿಹೋಯಿತು. ಇಬ್ಬರೂ ಪೆಟ್ಟಿಗೆ ನೋಡುವುದು ಬಿಟ್ಟು ನನ್ನ ಮುಖ ನೋಡುತ್ತಿದ್ದಾರೆ. "ಊನಾ, ಕಚ್ಚಿತಾ?"

ಚುರುಕ್ ಅಂದದ್ದು ನಿಜ. ಕಚ್ಚಿದ್ದೋ, ಬಿಸಿನೀರಿನ ಉರಿಯೋ... ಕೈ ನನ್ನದೇ, ಆದರೂ ಗೊತ್ತಾಗುತ್ತಿಲ್ಲ. ನಾನು ಏನಂದರೆ ಅದೇ ಈಗ ಇವರಿಗೆ ನಿಜ. ಹೆಕ್ಟರ್ ಪೆನ್ಸಿಲ್ ಹಿಡಿದು ಕಾಯುತ್ತಿದ್ದಾರೆ. "ಹೇಳಮ್ಮ."

ಹೇಳಿದೆ: "ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಇಡ್ತೀನಿ."