ಒಪ್ಪತ್ತಿನ ದಿನದ ಜಿಗಿತ

ಗುಬ್ಬಿ
೩೧ ಜನವರಿ ೨೦೨೬, ಶನಿವಾರ

ನನ್ನ ಮುದ್ದು ಅಮ್ಮಾ, ತುಮಕೂರಿನ ಅರುಣಾ ಟೀಚರಮ್ಮಾ,

ನಿನ್ನ ಮಗಳು ಕನ್ನಡದಲ್ಲಿ ಕಾಗದ ಬರೆಯುತ್ತಿದ್ದಾಳೆ! ನಿಜವಾದ ಪೇಪರು, ನಿಜವಾದ ಪೆನ್ನು. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂ ಅನ್ನುತ್ತೇನೆ, ಅಷ್ಟರಲ್ಲಿ ನಿನ್ನ ಐದು ಗಂಟೆಯ ಡ್ಯಾನ್ಸ್ ಬ್ಯಾಚು ಬಂದುಬಿಡುತ್ತದೆ. ಈ ವಿಷಯವನ್ನು ನೀನು ಕೊನೆಯವರೆಗೂ ಕೇಳಬೇಕು.

ಮೊದಲು ನನ್ನ ಸುದ್ದಿ. ಅಮ್ಮಾ, ನಾನು ಎಷ್ಟು ಖುಷಿಯಾಗಿದ್ದೇನೆ ಅಂದರೆ ಹೇಳಿಕೊಳ್ಳಲು ನಾಚಿಕೆ. ರವಿ ಬೆಳಗ್ಗೆ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿಗೆ ಹೊರಟರೆ ಗೇಟಿನವರೆಗೂ ಹೋಗಿ ಟಾಟಾ ಮಾಡುತ್ತೇನೆ. ಹೆಲ್ಮೆಟ್ ಹಾಕಿಕೊಂಡ ಮೇಲೂ ಅವರು ನಗುತ್ತಿರುವುದು ನನಗೆ ಗೊತ್ತಾಗುತ್ತದೆ. ಮೊನ್ನೆ ಅತ್ತೆ ನೋಡಿ, "ಅದೇನವ್ವ, ಮಿಲಿಟ್ರಿಗೆ ಕಳಿಸ್ತಿದೀಯಾ? ಸಂಜೆಗೆ ಬತ್ತಾನೆ ಬುಡು" ಅಂದರು. ನಾಚಿಕೊಂಡು ಒಳಗೆ ಓಡಿದೆ. ಮಾರನೆಯ ದಿನವೂ ಟಾಟಾ ಮಾಡಿದೆ.

ಈಗ ವಿಷಯ. ನಾಳೆ ಭಾನುವಾರದ ಕ್ಲಾಸಿನಲ್ಲಿ ನೀನು ಜಿಂಕೆಯ ಪಾತ್ರಕ್ಕೆ ಹುಡುಗಿಯನ್ನು ಆರಿಸುತ್ತೀಯ. ಕಲಾಕ್ಷೇತ್ರದ ಸ್ಟೇಜಿನ ಈ ತುದಿಯಿಂದ ಆ ತುದಿಗೆ ಮೂರು ಸಲ ಹಾರಿ ಹೋಗಬೇಕಾದ ಜಿಂಕೆ. ನಮ್ಮ ಶೃತಿಗೂ ಒಂದು ಅವಕಾಶ ಕೊಡು ಅಂತ ಕೇಳಲು ಈ ಕಾಗದ. ನಿನಗೆ ಅವಳು ಇಪ್ಪತ್ತು ಮಕ್ಕಳಲ್ಲಿ ಒಬ್ಬಳು, ಗುಬ್ಬಿಯಿಂದ ಬಸ್ಸಿನಲ್ಲಿ ಬರುವ ಎಂಟನೇ ಕ್ಲಾಸಿನ ಹುಡುಗಿ. ನನಗೆ ಈಗ ಭಾವನ ಮಗಳು, ದಿನಕ್ಕೆ ನೂರು ಸಲ ಚಿಕ್ಕಮ್ಮ ಅನ್ನುವವಳು. ಅವಳನ್ನು ಕ್ಲಾಸಿಗೆ ಬಿಡಲು ಬರುತ್ತಿದ್ದ ಚಿಕ್ಕಪ್ಪನನ್ನೇ ಅಲ್ಲವೇ ನಾನು ಮದುವೆಯಾದದ್ದು!

ಡಿಸೆಂಬರಿನಲ್ಲಿ ನೀನು ಅವಳ ಹೆಸರನ್ನು ಜಿಂಕೆಯ ಲಿಸ್ಟಿನಿಂದ ತೆಗೆದೆ. ತೆಗೆಯುವಾಗ ಎಲ್ಲರ ಮುಂದೆ ಒಂದು ಮಾತು ಅಂದೆ. "ಮೊದ್ಲು ಮೈ ಇಳ್ಸು, ಆಮೇಲೆ ಹಾರೋಕೆ ಬಾ." ನಿನಗೆ ಮರೆತೇ ಹೋಗಿರುತ್ತದೆ. ಆ ಹುಡುಗಿ ಅದನ್ನು ಯಾರಿಗೂ ಹೇಳದೆ ಬಸ್ಸಿನಲ್ಲಿ ಕೂತು ಇಲ್ಲಿಯವರೆಗೆ ಹೊತ್ತು ತಂದಳು.

ಮುಂದಿನ ಶನಿವಾರವೇ ಅಜ್ಜಿಯ ಜೊತೆ ತಾನೂ ಒಪ್ಪತ್ತು ಮಾಡುತ್ತೇನೆ ಅಂದಳು. ಅತ್ತೆ ಹಿಗ್ಗಿ ಹೋದರು. ಆಮೇಲೆ ಸೋಮವಾರವೂ ಒಂದೇ ಊಟ. ಆಮೇಲೆ ಸಂಕಷ್ಟಿ, ಏಕಾದಶಿ. ಬೀದಿಯವರೆಲ್ಲ "ನರಸಿಂಹಮ್ಮನ ಮೊಮ್ಮಗಳು ನೋಡ್ರೇ, ಈ ಕಾಲದಲ್ಲೂ ಎಂಥಾ ಭಕ್ತಿ" ಅನ್ನತೊಡಗಿದರು. ನಿನ್ನ ಬುದ್ಧಿವಂತ ಮಗಳು ಏನು ಮಾಡಿದಳು ಗೊತ್ತಾ? ಶೃತಿ ದೇವರ ಮುಂದೆ ಕೂತಿದ್ದ ಫೋಟೋ ತೆಗೆದು, ಮೂರು ಹಾರ್ಟ್ ಹಾಕಿ, ಸ್ಟೇಟಸ್ ಇಟ್ಟಳು! ನೀನೂ ಕೈಮುಗಿಯುವ ಎಮೋಜಿ ಕಳಿಸಿದ್ದೆ.

ಅದೇ ವಾರ ಅವಳು ನನ್ನ ಹತ್ತಿರ ಬಂದು ಹಾರುವುದು ಕಲಿಸಿಕೊಡು ಅಂದಳು. ನಾನು ಹಾರಿ ಹತ್ತು ವರ್ಷವಾಗಿದ್ದರೂ ಹೂಂ ಅಂದುಬಿಟ್ಟೆ. ಹೊಸ ಚಿಕ್ಕಮ್ಮನ ಜಂಬ! ದಿನಾ ನೂರು ಜಿಗಿತ, ಹಿತ್ತಲಿನ ಸಿಮೆಂಟಿನ ಮೇಲೆ. ನಾಲ್ಕೇ ದಿನಕ್ಕೆ ಮಗುವಿಗೆ ಮೊಣಕಾಲ ಕೆಳಗಿನ ಮೂಳೆಯೆಲ್ಲ ನೋವು. ಅವಳ ಶಾಲೆಯ ಪಿ.ಟಿ. ಮೇಡಂ ನನ್ನನ್ನು ಕರೆಸಿ ಬೈದರು. ಮಣ್ಣಿನ ನೆಲದ ಮೇಲೆ ಹಾರಿಸಿ, ದಿನ ಬಿಟ್ಟು ದಿನ, ಮೂವತ್ತಕ್ಕಿಂತ ಹೆಚ್ಚು ಬೇಡ, ಮೊದಲು ಇಳಿಯುವುದನ್ನು ಕಲಿಸಿ ಅಂದರು. ಸದ್ದಿಲ್ಲದೆ ಇಳಿಯಲು ಬಂದವಳಿಗೆ ಹಾರಲು ಭಯವಿರುವುದಿಲ್ಲವಂತೆ. ನೋವು ಹೋಗುವವರೆಗೆ ಒಂದು ವಾರ ಸುಮ್ಮನೆ ಕೂರಿಸಿ, ಮತ್ತೆ ಹಾಗೆಯೇ ಶುರು ಮಾಡಿದೆವು.

ರವಿ ಸುಮ್ಮನಿರುತ್ತಾರಾ? ಫ್ಯಾಕ್ಟರಿಯಲ್ಲಿ ಅವರ ಕೆಲಸವೇ ಅಳೆಯುವುದು, ಬರೆಯುವುದು, ಮತ್ತೆ ಅಳೆಯುವುದು. ಹಿತ್ತಲಿನ ಗೋಡೆಗೆ ಶೃತಿಯನ್ನು ನಿಲ್ಲಿಸಿ, ಕೈ ಎತ್ತಿದಾಗ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಹಾರಿ ಮುಟ್ಟಿದ ಕಡೆ ಇನ್ನೊಂದು ಗೆರೆ, ಪಕ್ಕದಲ್ಲಿ ತಾರೀಕು, ವಾರ. ಜನವರಿ ಮೊದಲ ವಾರ ಒಂದು ಸಂಜೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಭಾನು, ಈ ಗೋಡೆ ಏನೋ ಹೇಳ್ತಿದೆ ಕಣೇ" ಅಂದರು.

"ಸುಣ್ಣ ಹೊಡೆಸಿ ಅಂತಿದೆ" ಅಂದೆ.

"ತಮಾಷೆ ಅಲ್ಲ. ಶನಿವಾರದ ಗೆರೆ ಕೆಳಗೆ. ಸೋಮವಾರದ್ದು ಕೆಳಗೆ. ವೈಕುಂಠ ಏಕಾದಶಿದಂತೂ ಎಲ್ಲಕ್ಕಿಂತ ಕೆಳಗೆ. ಯಾವ ಪಂಚಾಂಗ ನೋಡ್ಕೊಂಡು ಹಾರ್ತಾಳೆ ಇವ್ಳು?"

ನಾನು ಬೆರಳು ಮಡಿಸಿ ಎಣಿಸಿದೆ, ಎಲ್ಲವೂ ಒಪ್ಪತ್ತಿನ ದಿನಗಳೇ. ಶೃತಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅಳಲು ಶುರು ಮಾಡಿದಳು. ಕೇಳಿದರೆ, ಒಪ್ಪತ್ತಿನ ದಿನಗಳಷ್ಟೇ ಅಲ್ಲ, ಬೇರೆ ದಿನವೂ ಮಧ್ಯಾಹ್ನದ ಡಬ್ಬಿಯನ್ನು ಗೆಳತಿಯರಿಗೆ ಕೊಟ್ಟು ಬರುತ್ತಿದ್ದಳಂತೆ. "ಮೈ ಇಳಿದ್ರೆ ಮಿಸ್ ಮತ್ತೆ ಸೇರಿಸ್ಕೋತಾರೆ ಅಲ್ವಾ ಚಿಕ್ಕಮ್ಮ?" ಅಂದಳು. ದೇವರ ಹೆಸರು ಹೇಳಿದರೆ ಮನೆಯಲ್ಲಿ ಯಾರೂ ತಿನ್ನು ಅಂತ ಬಲವಂತ ಮಾಡುವುದಿಲ್ಲ, ಅದು ಅವಳಿಗೆ ಗೊತ್ತಿತ್ತು.

ಅತ್ತೆ ಕೋಪ ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಸೀರೆಯ ಸೆರಗನ್ನು ಸರಿಸಿ ಸೊಂಟ ತೋರಿಸಿದರು! "ಸಣ್ಣ ಆಗಕ್ಕೆ ಒಪ್ಪತ್ತಾ? ನಲವತ್ತು ವರ್ಷದಿಂದ ಬುಡ್ದಂಗೆ ಮಾಡ್ತಿವ್ನಿ. ನೋಡು, ಇದು ಕಡ್ಡಿ ಆಗೈತಾ? ದೇವ್ರು ಭಕ್ತಿ ನೋಡ್ತಾನೆ ಕಣ್ ಮಗಾ, ತೂಕ ನೋಡಲ್ಲ. ಬೆಳ್ಯೋ ಮಕ್ಳಿಗೆ ಈ ಮನೇಲಿ ಇನ್ಮೇಲೆ ಒಪ್ಪತ್ತಿಲ್ಲ." ಅಳುತ್ತಿದ್ದವಳು ನಕ್ಕುಬಿಟ್ಟಳು. ಆ ರಾತ್ರಿ ಮುದ್ದೆ ಜೊತೆ ಅವರೆಕಾಳಿನ ಸಾರು. ಎರಡು ಸಲ ಹಾಕಿಸಿಕೊಂಡಳು.

ಆದರೆ ಒಂದು ಊಟಕ್ಕೆ ಮನಸ್ಸು ಬದಲಾಗುತ್ತದೆಯೇ? ಮಾರನೆಯ ದಿನ ಮತ್ತೆ ಅನ್ನ ಕೆದಕುತ್ತಾ ಕೂತಳು. ಹಾಗಾಗಿ ಸಂಕ್ರಾಂತಿಗೆ ಕುಣಿಗಲ್ಲಿಗೆ ಹೋದಾಗ ಅವಳನ್ನೂ ಕರೆದುಕೊಂಡು ಹೋದೆವು. (ಹೊಸ ಜೋಡಿಯ ಟ್ರಿಪ್ಪಿನಲ್ಲಿ ಮಧ್ಯದಲ್ಲಿ ಒಬ್ಬಳು! ಪರವಾಗಿಲ್ಲ, ಕೆರೆ ಏರಿಯ ಮೇಲೆ ಫೋಟೋ ತೆಗೆಯಲು ಜನ ಬೇಕಿತ್ತು.) ರವಿಯ ಸೋದರಮಾವ ಪುಟ್ಟರಂಗಯ್ಯನವರು ಅಲ್ಲಿನ ಕುದುರೆ ಫಾರಂನಲ್ಲಿ ಮೂವತ್ತು ವರ್ಷ ಕುದುರೆ ನೋಡಿಕೊಂಡವರು. ಎಳ್ಳು ಬೆಲ್ಲ ತಿನ್ನುತ್ತಾ ಶೃತಿ ಅವರನ್ನು ಮೆಲ್ಲಗೆ ಕೇಳಿದಳು, ಓಡಿಸುವ ಮುಂಚೆ ಕುದುರೆಯನ್ನು ಉಪವಾಸ ಇಡುತ್ತೀರಾ ತಾತ ಅಂತ.

"ಹಸ್ದಿರೋ ಕುದ್ರೆನ ಯಾರವ್ವ ಓಡಿಸ್ತಾರೆ? ಹೊಟ್ಟೆ ಬಿರ್ಯ ತಿಂದಿದ್ನೂ ಓಡ್ಸಲ್ಲ. ಹೊತ್ತಿಗ್ ಸರ್ಯಾಗಿ ತಿನ್ಸಿ, ಒಂದ್ ಸುತ್ತು ನಡ್ಸಿ, ಮೈ ಬೆಚ್ಚಗಾದ್ ಮೇಲೆ ಬುಡ್ತೀವಿ."

"ದಪ್ಪ ಇದ್ರೆ?"

ಅವರು ತಮ್ಮ ತೊಡೆಯ ಮೇಲೆ ಪಟ್ಟನೆ ಹೊಡೆದುಕೊಂಡರು. "ಕುದ್ರೆ ತೂಕ ಇರೋದೇ ಇಲ್ಲಿ ಕಣವ್ವ. ಇದಿಲ್ದಿದ್ರೆ ಅದನ್ನ ಮ್ಯಾಕೆ ಯಾವನು ಎತ್ತಾನೆ?"

ಆವತ್ತಿನಿಂದ ಅವಳು ತನ್ನ ಕಾಲನ್ನು ನೋಡುವ ರೀತಿಯೇ ಬೇರೆಯಾಯಿತು. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುತ್ತಾಳೆ. ಅರೆಮಂಡಿಯಿಂದ ನಿಧಾನವಾಗಿ ಏಳುತ್ತಾಳೆ. ನೀನು ಕ್ಲಾಸು ಶುರುವಾದ ಕೂಡಲೇ ಕಾಲು ಚಾಚಿಸಿ ಹತ್ತು ನಿಮಿಷ ಕೂರಿಸುತ್ತೀಯಲ್ಲ, ಬೈಯಬೇಡ, ನಾವು ಅದನ್ನು ಕೊನೆಗೆ ಹಾಕಿದ್ದೇವೆ. ಅದಕ್ಕೆ ಬದಲು ಮೊದಲು ಹಿತ್ತಲನ್ನು ಐದು ಸುತ್ತು ಮೆಲ್ಲಗೆ ಓಡುತ್ತಾಳೆ. ಕೈಯನ್ನು ಹಿಂದಿನಿಂದ ಬೀಸಿ ಎತ್ತಿದರೆ ಮೈ ತಾನಾಗಿ ಮೇಲೇರುತ್ತದೆ ಅನ್ನುವುದನ್ನು ತಾನೇ ಕಂಡುಹಿಡಿದಳು, ಅದನ್ನು ಮುದ್ರೆಗೆ ಹೇಗೆ ಹೊಂದಿಸಬೇಕು ಅಂತ ನೀನೇ ಹೇಳಿಕೊಡಬೇಕು. ಒಂಬತ್ತೂವರೆಗೆ ಫೋನು ಅಜ್ಜಿಯ ತಲೆದಿಂಬಿನ ಕೆಳಗೆ ಹೋಗುತ್ತದೆ, ಚೆನ್ನಾಗಿ ನಿದ್ದೆ ಮಾಡುತ್ತಾಳೆ. ತೂಕ ಒಂದು ಗ್ರಾಂ ಕೂಡ ಇಳಿದಿಲ್ಲ. ಗೆರೆ ಮೂರು ಬೆರಳು ಮೇಲೆ ಹೋಗಿದೆ!

ಅಮ್ಮಾ, ಈಗ ಒಂದು ಮಾತು. ಇದಕ್ಕಿಂತ ಮುಂಚೆಯೇ ಬರೆಯಬೇಕಿತ್ತು, ಅದೂ ಇದೂ ಹೇಳುತ್ತಾ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ.

ಹತ್ತನೇ ಕ್ಲಾಸಿನಲ್ಲಿ ನಾನು ಸ್ಟೇಜಿನ ಮೇಲೆ ಬಿದ್ದೆನಲ್ಲ. ನೀನು ದೃಷ್ಟಿಯಾಯಿತು ಅಂತ ಮೂರು ದಿನ ಮೆಣಸಿನಕಾಯಿ ನಿವಾಳಿಸಿದೆ. ಅದು ದೃಷ್ಟಿಯಲ್ಲ. "ಹೊಟ್ಟೆ ಹಗುರ ಇದ್ರೆ ಕಾಲು ಹಗುರ" ಅನ್ನುತ್ತಿದ್ದೆ ನೀನು. ನಾನು ನಿನ್ನ ಒಳ್ಳೆಯ ಸ್ಟೂಡೆಂಟ್, ನೀನು ಹೇಳಿದ್ದಕ್ಕಿಂತ ಹೆಚ್ಚಾಗಿ ಪಾಲಿಸಿದೆ. ಎರಡು ದಿನಕ್ಕೆ ಎರಡು ಬಾಳೆಹಣ್ಣು. ಗೆಳತಿಯ ಮನೆಯಲ್ಲಿ ಊಟವಾಯಿತು ಅಂತ ಸುಳ್ಳು ಹೇಳಿದ್ದೆ. ಹಾರಿದಾಗ ಲೈಟೆಲ್ಲ ಹಳದಿಯಾಯಿತು, ನೆಲ ಎಲ್ಲಿದೆ ಅಂತಲೇ ಕಾಣಲಿಲ್ಲ. ಪಿಯುಸಿ ಓದಬೇಕು, ಡ್ಯಾನ್ಸ್ ಬೇಡ ಅಂದದ್ದೂ ಸುಳ್ಳು. ನನಗೆ ಭಯವಾಗಿತ್ತು.

ನಿನ್ನ ಮೇಲೆ ಕೋಪವಿಲ್ಲ, ಪ್ರಾಮಿಸ್. ನಿನಗೆ ನಿನ್ನ ಗುರುಗಳು ಹೇಳಿದ್ದನ್ನೇ ನೀನು ನಮಗೆ ಹೇಳಿದೆ. ಪ್ರೋಗ್ರಾಂ ದಿನ ನೀನೂ ಬರೀ ಕಾಫಿ ಕುಡಿದು ಇಪ್ಪತ್ತು ಮಕ್ಕಳಿಗೆ ಜಡೆ ಹಾಕುವುದನ್ನು ನಾನು ನೋಡಿಲ್ಲವೇ? ಆದರೆ ಈ ಮಗು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅಳುವಾಗ ನನಗೆ ನಾನೇ ಕಂಡೆ. ನಾಳೆ ಅವಳಿಗಿಂತ ಚೆನ್ನಾಗಿ ಹಾರುವವಳು ಇದ್ದರೆ ಅವಳಿಗೇ ಜಿಂಕೆ ಕೊಡು, ನೀನು ಗುರು. (ಕೊಡಬೇಡ ಅಮ್ಮಾ, ಶೃತಿಗೇ ಕೊಡು, ಪ್ಲೀಸ್!) ಮೈಯ ಮಾತು ಮಾತ್ರ ಯಾರಿಗೂ ಆಡಬೇಡ. ಕಾಲನ್ನು ನೋಡಿ ಹೇಳು.

ಅತ್ತೆ ನಿನಗೆ ನಮಸ್ಕಾರ ಹೇಳಿದ್ದಾರೆ. ಇವರೂ.

ನಿನ್ನನ್ನು ಗಟ್ಟಿಯಾಗಿ ತಬ್ಬಿಕೊಂಡು,
ನಿನ್ನ ಭಾನು

ಮರೆತಿದ್ದು: ಇದು ಭಾನುವಾರ ಬೆಳಗ್ಗೆ, ಬೈಕಿನ ಸೀಟಿನ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಕಾಗದ ಕೊಟ್ಟವಳು ನಿನ್ನೆದುರೇ ನಿಂತಿದ್ದಾಳೆ. ಒಳಗೇನಿದೆ ಅಂತ ಅವಳಿಗೆ ಗೊತ್ತಿಲ್ಲ. ಎರಡು ಗಂಟೆಯ ಹಿಂದೆ ನಾಲ್ಕು ಇಡ್ಲಿ ತಿಂದಿದ್ದಾಳೆ, ಮೊದಲು ಸ್ವಲ್ಪ ಓಡಿಸಿ ಮೈ ಬೆಚ್ಚಗೆ ಮಾಡಿಸು. ಅವಳನ್ನು ಕರೆತಂದದ್ದು ರವಿ ಒಬ್ಬರೇ ಅಂದುಕೊಂಡಿರುತ್ತೀಯ. ನಾನೂ ಬಂದಿದ್ದೇನೆ, ಕೆಳಗೆ ಗೇಟಿನ ಹತ್ತಿರ ನಿಂತಿದ್ದೇನೆ. ನೀನು ಕ್ಲಾಸು ಮಾಡುವಾಗ ಆ ಮಹಡಿಗೆ ನಾನು ಹತ್ತು ವರ್ಷದಿಂದ ಹತ್ತಿಲ್ಲ, ನಿನಗೆ ಗಮನಕ್ಕೆ ಬಂದಿತ್ತೋ ಇಲ್ಲವೋ. ಶೃತಿ ಹಾರಿದ ಮೇಲೆ ಕಿಟಕಿಯಿಂದ ನನ್ನನ್ನು ಒಂದೇ ಒಂದು ಸಲ ಕರಿ, ಹತ್ತಿ ಬರುತ್ತೇನೆ. ನಾನೂ ಬೆಳಗ್ಗೆ ತಿಂಡಿ ತಿಂದೇ ಬಂದಿದ್ದೇನೆ.